ಬಿಕೋಲ್ ರಕ್ತದವನ ಖಾರದಡುಗೆ

ಖಾರದ ವಿಷಯ ಬಂದರೆ ನಮ್ಮ ಫಿಲಿಪೀನ್ಸಿನವರು ಬಾಯಲ್ಲಿ ಹುಲಿ, ನಾಲಿಗೆಯಲ್ಲಿ ಇಲಿ. ಸ್ಪಗೆಟ್ಟಿಗೂ ಸಕ್ಕರೆ ಸುರಿಯುವ ಜನ ನಾವು! ಹುಳಿ, ಉಪ್ಪು, ಸಿಹಿ ಏನು ಕೊಟ್ಟರೂ ಚಪ್ಪರಿಸುತ್ತೇವೆ, ಮೆಣಸಿನಕಾಯಿ ಕಂಡರೆ ಮಾತ್ರ ತಟ್ಟೆಯ ಅಂಚಿಗೆ ಸರಿಸುತ್ತೇವೆ. ಇದಕ್ಕೆ ಹೊರತೆಂದರೆ ಬಿಕೋಲ್ ಸೀಮೆಯವರು. ದೂರದ ಕವೀಟೆ ಊರಲ್ಲೇ ಹುಟ್ಟಿ ಬೆಳೆದ, ಜೀಪ್ನಿ ಎಂಬ ಬಾಡಿಗೆ ಬಂಡಿಯ ಡ್ರೈವರ್ ನಿಕಾನೋರ್, ತನ್ನ ತಾಯಿ ಬಿಕೋಲ್‌ನವಳೆಂಬ ಒಂದೇ ಬಲದ ಮೇಲೆ ಬೀದಿಯವರೆದುರು ಮೀಸೆ ತಿರುವುತ್ತಿದ್ದ.

"ಈ ಮೈಯಲ್ಲಿ ಹರಿಯೋದು ರಕ್ತ ಅಲ್ಲ ಕಣ್ರೋ, ಮೆಣಸಿನಕಾಯಿ ರಸ!"

ಅದಕ್ಕೂ ಒಂದು ಪರೀಕ್ಷೆ ಬಂತು. ಥಾಯ್ಲೆಂಡಿನಲ್ಲಿ ಟೀಚರಾಗಿದ್ದ ಮಗಳು ಲಿಗಾಯ ಅಲ್ಲಿನ ಹುಡುಗ ತನತ್‌ನನ್ನು ಮೆಚ್ಚಿದಳು. ಹೆಂಡತಿ ಸತ್ತ ಅಪ್ಪನನ್ನು ಒಂಟಿಯಾಗಿ ಬಿಡಲಾರೆ ಎಂದು ಅವಳು ಹೇಳಿದಾಗ ಹುಡುಗನೇ ಇಲ್ಲಿಗೆ ಬರಲು ಒಪ್ಪಿದ. ಒಪ್ಪದವಳು ಅವನ ತಾಯಿ ಬುನ್ಸಿ. ಆ ಸಪ್ಪೆ ಊರಲ್ಲಿ ನನ್ನ ಮಗ ಏನು ತಿಂದು ಬದುಕಬೇಕು ಎಂದು, ನೋಡಿ ಹೋಗಲು ತಾನೇ ಹೊರಟಳು.

"ಅಪ್ಪಾ, ಊಟ ಅವರಿಗೆ ಹಿಡಿಸ್ಲಿಲ್ಲ ಅಂದ್ರೆ ನಾನೇ ಅಲ್ಲಿಗೆ ಹೋಗ್ಬೇಕಾಗತ್ತೆ. ಹೋಟೆಲಿಂದ ತರಿಸ್ಲಾ?"

"ಹೋಟೆಲಾ? ನಿಮ್ಮಪ್ಪ ಬಿಕೋಲ್‌ನೋನು ಕಣೇ!"

"ಖಾರದ ಕಡಲೆಕಾಯಿ ತಿಂದು ಬಿಕ್ಕಳಿಸಿದ್ದು ನಾನು ನೋಡಿಲ್ವಾ?"

"ಅದು ಗಾಳಿಗೆ ಬಂದ ಬಿಕ್ಕಳಿಕೆ, ಸುಮ್ನಿರು."

ಹಂದಿಮಾಂಸವನ್ನು ತೆಂಗಿನಹಾಲಿನಲ್ಲಿ ಬೇಯಲಿಟ್ಟು ಒಂದು ಹಿಡಿ ಸೂಜಿಮೆಣಸು ಸುರಿದ. ರುಚಿ ನೋಡಿದ. ಖಾರ ನೆತ್ತಿಗೇರಿತು. "ಅಯ್ಯೋ ಸಾಂತಾ ಮರಿಯಾ!" ಪಾಪ, ಬರುವವಳು ಹೆಂಗಸು, ತಡೆದುಕೊಳ್ಳಬೇಕಲ್ಲ ಎಂದು ಇನ್ನಷ್ಟು ತೆಂಗಿನಹಾಲು ಸುರಿದ. ಮತ್ತೆ ರುಚಿ ನೋಡಿ ಒಂದು ಚಮಚ ಸಕ್ಕರೆ ಹಾಕಿದ. ಒಂದು ಎರಡಾಗಿ, ಎರಡು ನಾಲ್ಕಾಯಿತು. ಕೊನೆಗೆ ಮೆಣಸನ್ನೇ ಹುಡುಕಿ ಹೆಕ್ಕಿ ಎಸೆದ.

ನಮ್ಮಲ್ಲಿ ಊಟದ ಮೇಜಿನ ಮೇಲೆ ವಿನಿಗರ್, ಮೀನಿನ ಸಾಸು, ಜಜ್ಜಿದ ಮೆಣಸಿನ ಪುಟ್ಟ ಬಟ್ಟಲುಗಳಿರಲೇಬೇಕು. ಅವರವರ ನಾಲಿಗೆಗೆ ಬೇಕಾದ್ದನ್ನು ಅವರವರೇ ಬೆರೆಸಿಕೊಳ್ಳುತ್ತಾರೆ, ಅಡುಗೆ ಮಾಡಿದವರು ಮುನಿಯುವುದಿಲ್ಲ. ಆದರೆ ಅಂದು ನಿಕಾನೋರ್ ಆ ಬಟ್ಟಲುಗಳನ್ನೆಲ್ಲ ಬೀರುವಿನೊಳಗೆ ತುರುಕಿದ. ತನ್ನ ಖಾರದ ಮೇಲೆ ಇನ್ನೊಂದು ಖಾರ ಬೇರೆ ಕೇಡು!

ಬುನ್ಸಿ ಎರಡು ತುತ್ತು ತಿಂದು, ನಕ್ಕು, ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಲಿಗಾಯ ತುಟಿ ಕಚ್ಚಿಕೊಂಡಳು.

"ಏನಂತೆ?"

"ಪಾಯಸ ಚೆನ್ನಾಗಿದೆಯಂತೆ. ಊಟ ಯಾವಾಗ ಅಂತ ಕೇಳ್ತಿದಾರೆ."

ನಿಕಾನೋರನ ಮೀಸೆ ಮಣ್ಣಾಯಿತು. ಅಷ್ಟರಲ್ಲಿ ಬುನ್ಸಿ ಚೀಲದಿಂದ ಡಬ್ಬಿ ತೆಗೆದು, ಕೆಂಪಗಿನ ಮೆಣಸಿನ ಚಟ್ನಿಯನ್ನು ಅವನ ಅನ್ನದ ಮೇಲೆ ಧಾರಾಳವಾಗಿ ಬಡಿಸಿದಳು. ಬೀಗಿತ್ತಿ ಬಡಿಸಿದ್ದನ್ನು ಬೇಡ ಎನ್ನುವುದುಂಟೇ? ತಿಂದ. ಕಣ್ಣು, ಮೂಗು ಒಟ್ಟಿಗೇ ಸುರಿಯತೊಡಗಿದವು.

ಬುನ್ಸಿ ಗಾಬರಿಯಿಂದ ಅವನ ಕೈ ಹಿಡಿದಳು. ಅವಳ ಮಾತನ್ನು ಲಿಗಾಯ ಮೆಲ್ಲಗೆ ಹೇಳಿದಳು: "ಅಳಬೇಡಿ ಬೀಗರೇ, ನಿಮ್ಮ ಮಗಳನ್ನ ನಾನು ಕರ್ಕೊಂಡು ಹೋಗಲ್ಲ."

ಗೆದ್ದೆ ಎಂದುಕೊಂಡು ನಿಕಾನೋರ್ ತಲೆಯೆತ್ತಿದ. ಬುನ್ಸಿಯ ಕೆನ್ನೆಯೂ ಒದ್ದೆಯಾಗಿತ್ತು. ಅವಳು ತಿಂದಿದ್ದು ಬರೀ ಅವನ ಪಾಯಸ, ಅದರಲ್ಲಿ ಕಣ್ಣೀರು ಬರಿಸುವಂಥ ಖಾರವೆಲ್ಲಿತ್ತು? ಅವನು ಮಗಳ ಕಡೆ ತಿರುಗಿದ.

"ಹೇಳಮ್ಮಾ ಇವರಿಗೆ, ನಾನತ್ತಿದ್ದು ಖಾರಕ್ಕೆ. ನಾನು ಬಿಕೋಲ್‌ನೋನೂ ಅಲ್ಲ, ಎಂಥದೂ ಅಲ್ಲ. ಮಗನ್ನ ಬಿಟ್ಟುಕೊಡೋ ಸಂಕಟ ಇವರದು, ನಾಟಕ ನಂದು."

ಎದ್ದು ಹೋಗಿ ಬೀರುವಿನಿಂದ ಬಟ್ಟಲುಗಳನ್ನು ತಂದ. ದೊಡ್ಡದನ್ನು ಮುಂದಿನ ತಿಂಗಳು ತನತ್ ಕೂರಬೇಕಾದ ಖಾಲಿ ಕುರ್ಚಿಯ ಎದುರಿಗಿಟ್ಟು, ಪಕ್ಕದಲ್ಲಿ ಮೆಣಸಿನ ಬುಟ್ಟಿ ಇಟ್ಟ.

"ಅವನಿಗೆ ಎಷ್ಟು ಬೇಕು, ನೀವೇ ತೋರಿಸಿಕೊಡಿ."

ಬುನ್ಸಿ ಒಂದೊಂದಾಗಿ ಜಜ್ಜಿ ಹಾಕಿದಳು. ಹಾಕುತ್ತಲೇ ಇದ್ದಳು.

"ಇನ್ನೂನಾ? ಅವನೇನು ಮನುಷ್ಯನೋ, ಒಲೆಯೋ!" ಎಂದು ನಿಕಾನೋರ್ ಬಾಯಿ ಮುಚ್ಚಿಕೊಂಡ. "ಆಗ್ಲಿ. ಈ ಬಟ್ಟಲು ಒಂದು ದಿನಾನೂ ಖಾಲಿಯಾಗಲ್ಲ, ನನ್ನ ಮಗಳಾಣೆ."

ಬುನ್ಸಿ ಬಟ್ಟಲನ್ನು ನೋಡಿದಳು, ಖಾಲಿ ಕುರ್ಚಿಯನ್ನೂ ನೋಡಿದಳು. ಆಮೇಲೆ ಕಣ್ಣೊರೆಸಿಕೊಂಡು ತನ್ನ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು.

"ಅಪ್ಪಾ," ಎಂದಳು ಲಿಗಾಯ, "ಇನ್ನೊಂದು ಸೌಟು ಪಾಯಸ ಬಡಿಸಬೇಕಂತೆ."