ಒಂದು ನಕ್ಷತ್ರ, ಐದು ಪ್ರತಿ

ನಾನು ಒಂದು ಪ್ಲಾಟರ್. ಹಾಗೆಂದರೆ ಈಗಿನವರಿಗೆ ತಿಳಿಯಲಿಕ್ಕಿಲ್ಲ. ಕಂಪ್ಯೂಟರ್ ಹೇಳಿದ ಕಡೆಗೆಲ್ಲ ಪೆನ್ನು ಹಿಡಿದು ಗೆರೆ ಎಳೆಯುವ ಯಂತ್ರ. ಹುಟ್ಟಿದ್ದು ಯಾವುದೋ ದೂರದ ಕಾರ್ಖಾನೆಯಲ್ಲಿ, ದುಡಿಮೆಗೆ ಬಿದ್ದದ್ದು ಧಾರವಾಡದ ಒಂದು ನೀರಾವರಿ ಕಚೇರಿಯಲ್ಲಿ. ಆರು ವರ್ಷ ಬರೀ ಕಾಲುವೆಗಳನ್ನು ಬರೆದೆ. ಕಾಲುವೆಗಳು ಮರ್ಯಾದಸ್ಥರು, ಬರೆದಲ್ಲೇ ಇರುತ್ತವೆ. ಕಚೇರಿಗೆ ಹೊಸ ಯಂತ್ರ ಬಂದ ಕೂಡಲೇ ನನ್ನನ್ನು ಊರಾಚೆಯ ಒಂದು ಸಂಶೋಧನಾ ಕೇಂದ್ರಕ್ಕೆ ಸಾಗಹಾಕಿದರು.

ಅಲ್ಲಿ ಪಿಎಚ್‌.ಡಿ. ಮಾಡುತ್ತಿದ್ದ ಸುಮಿತ್ರಾ ಹೊಂಬಳ ನನ್ನನ್ನು ಹಚ್ಚಿಕೊಂಡಳು. ಪೆನ್ನಿನ ಮೂತಿಯನ್ನು ಬೆಚ್ಚಗಿನ ನೀರಲ್ಲಿ ತೊಳೆದು ಸೆರಗಿನಿಂದ ಒರೆಸುತ್ತಿದ್ದಳು. ಅವಳು ಕಂಪ್ಯೂಟರಿನೊಳಗೆ ಬರೀ ಅಂಕಿಗಳಿಂದ ಮೂರು ಸಾವಿರ ನಕ್ಷತ್ರ ಮಾಡಿಟ್ಟಿದ್ದಳು. ಅವು ಒಂದನ್ನೊಂದು ಸೆಳೆಯುತ್ತ, ಕಡೆದ ಮಜ್ಜಿಗೆಯ ಹಾಗೆ ಸುಳಿಗಟ್ಟಿ ತಿರುಗುತ್ತಿದ್ದವು. ಅವುಗಳ ದಾರಿ ಬರೆಯುವುದು ನನ್ನ ಕೆಲಸ. ಎಂಥ ದಿನಗಳವು! ನನ್ನ ಬಾಳಿನಲ್ಲಿ ಅಷ್ಟು ಸುಖ ಮತ್ತೆ ಸಿಗಲಿಲ್ಲ.

ಒಂದು ನಕ್ಷತ್ರ ಮಾತ್ರ ಹನ್ನೊಂದು ಸುತ್ತು ಒಳಗಿನ ಸಣ್ಣ ವೃತ್ತದಲ್ಲೇ ತಿರುಗಿತು. ಹನ್ನೆರಡನೆಯ ಸುತ್ತಿಗೆ ನಕ್ಷತ್ರಗಳು ಒತ್ತಾಗಿ ಸೇರಿದ ಸುಳಿಯ ಒಂದು ತೋಳು ಹತ್ತಿರ ಬಂದದ್ದೇ ತಡ, ಹೊರಕ್ಕೆ ಸರಿದು ದೊಡ್ಡ ವೃತ್ತ ಹಿಡಿದು, ಏನೂ ಆಗದವರ ಹಾಗೆ ಅಲ್ಲೇ ಸುತ್ತತೊಡಗಿತು. ನಕ್ಷತ್ರಗಳು ಹುಟ್ಟಿದ ಜಾಗದಲ್ಲೇ ಉಳಿಯಬೇಕೆಂದಿಲ್ಲ ಎಂಬ ಅವಳ ಪ್ರಬಂಧವೆಲ್ಲ ಆ ಗೆರೆಯ ಮೇಲೇ ನಿಂತಿತ್ತು.

ಅವಳ ಗೈಡ್ ಅಂಗಡಿ ಸರ್ ಹಾಳೆಯನ್ನು ನೋಡಿ ನನ್ನ ಕಡೆ ಬೆರಳು ತೋರಿಸಿದರು.

"ಇದು ನಕ್ಷತ್ರದ ದಾರಿ ಅಲ್ಲ, ಪೆನ್ನು ಜಾರೈತಿ. ಮೊದಲ ಮಿಷನ್ ರಿಪೇರಿ ಮಾಡಸು."

ಆ ಚಿತ್ರವಿದ್ದರೆ ಸಹಿ ಹಾಕುವುದಿಲ್ಲ ಎಂದೂ ಹೇಳಿದರು. ರಿಪೇರಿಗೆ ಮುಂಬೈಗೆ ಹೋದರೆ ಮೂರು ತಿಂಗಳು. ಪ್ರಬಂಧ ಒಪ್ಪಿಸಲು ಉಳಿದದ್ದು ಮೂರು ವಾರ. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಪೆನ್ನನ್ನು ಎಳೆಯುವ ನನ್ನ ಬೆಲ್ಟು ಸಡಿಲವಾಗಿದ್ದುದು ನನಗೆ ಗೊತ್ತಿತ್ತು. ಜಾರಿದ್ದೆನೋ ಏನೋ, ನನಗೇ ಖಾತ್ರಿಯಿರಲಿಲ್ಲ.

ಸುಮಿತ್ರಾ ವಾದ ಮಾಡಲಿಲ್ಲ. ಅದೇ ಚಿತ್ರವನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಬರೆಸಿದಳು. ತಪ್ಪು ನನ್ನ ಬೆಲ್ಟಿನದಾದರೆ ಈ ಸಲ ಅದು ವೃತ್ತದ ಬೇರೆ ಕಡೆ ಬೀಳಬೇಕು. ಒಣಗಿದ ಮೇಲೆ ಹೊಸ ಹಾಳೆಯನ್ನು ಕಾಲು ಸುತ್ತು ಹಿಂದಕ್ಕೆ ತಿರುಗಿಸಿ ಹಳೆಯದರ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದಳು. ಎರಡು ಗೆರೆಗಳೂ ಒಂದೇ ಆಗಿ ಕಂಡವು.

"ಚಿತ್ರ ತಿರುವಿ ಬರೆಸಿದ್ರೂ ಅದ ಜಾಗಾದಾಗ ಹೊರಗ ಹೋಗೇತ್ರಿ ಸರ್," ಎಂದಳು.

ಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಆಮೇಲೆ "ನಂದ ತಪ್ಪವಾ. ಇರಲಿ ಇದು," ಎಂದರು.

ಈಗ ನಾನು ಸ್ಟೋರ್ ರೂಮಿನಲ್ಲಿ ಮುರಿದ ಕುರ್ಚಿಗಳ ಜೊತೆ ಇದ್ದೇನೆ. ಬೆಲ್ಟು ಎಂದೋ ಹರಿಯಿತು. ನನ್ನ ಕೆಲಸವನ್ನು ಈಗ ಪರದೆಗಳು ಕ್ಷಣದಲ್ಲಿ ಮಾಡಿ ಮುಗಿಸುತ್ತವಂತೆ, ಮಾಡಲಿ. ನಮ್ಮ ಕಾಲದಲ್ಲಿ ಪ್ರಬಂಧದ ಪ್ರತಿಯೊಂದು ಪ್ರತಿಗೂ ಚಿತ್ರವನ್ನು ಹೊಸದಾಗಿಯೇ ಬರೆಯಬೇಕಿತ್ತು. ಪ್ರತಿಗಳಿಗೆಂದೇ ಆ ನಕ್ಷತ್ರವನ್ನು ನಾನು ಐದು ಸಲ ಹೊರಗೆ ಕರೆದೊಯ್ದೆ. ನಾಲ್ಕು ಸಲ ಕೂದಲೆಳೆಯಷ್ಟೂ ತಪ್ಪಲಿಲ್ಲ. ಐದನೆಯದರಲ್ಲಿ, ಕೊನೆಯ ಹಾಳೆಯಲ್ಲಿ, ಪೆನ್ನು ನಿಜವಾಗಿಯೂ ಜಾರಿತು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಸುಮಿತ್ರಾಳ ಮುಖ ಸಣ್ಣದಾಯಿತು. ಸರ್ ಮಾತ್ರ ಆ ಹಾಳೆಯನ್ನು ಎತ್ತಿಕೊಂಡು, ಶಾಯಿ ಆರುವವರೆಗೆ ಊದಿ, "ಇದು ನನ್ನ ಪ್ರತಿಗೆ" ಎಂದರು.