ಸದ್ದು ನಿಂತ ಎದೆ

ನನ್ನ ತಮ್ಮನಿಗೆ ತನ್ನ ಕಿವಿಯ ಮೇಲೆ ಇರುವಷ್ಟು ನಂಬಿಕೆ ಬೇರೆ ಯಾವುದರ ಮೇಲೂ ಇಲ್ಲ. ಕಟ್ಟಿಕೊಂಡ ಹೆಂಡತಿಯ ಮೇಲೂ ಇಲ್ಲ, ಎತ್ತಿ ಆಡಿಸಿದ ಅಕ್ಕನ ಮೇಲೂ ಇಲ್ಲ. ಮನೆಮನೆಗೆ ಗ್ಯಾಸ್ ಸಿಲಿಂಡರ್ ಹಾಕುವುದು ಅವನ ಕೆಲಸ. ಸಿಲಿಂಡರಿಗೆ ಬೆರಳಿನ ಗೆಣ್ಣಿನಿಂದ ಒಂದು ಕೊಟ್ಟು, ಒಳಗೆ ಎಷ್ಟು ಉಳಿದಿದೆ ಎನ್ನುತ್ತಾನೆ. ಅಡುಗೆಮನೆಯ ಬಾಗಿಲಲ್ಲಿ ತಲೆ ಓರೆ ಮಾಡಿ ನಿಂತು, "ವಾಷರ್ ಹೋಗಿದೆ, ಸುಯ್ ಅಂತಿದೆ ನೋಡಿ" ಎನ್ನುತ್ತಾನೆ. ನಮಗ್ಯಾರಿಗೂ ಏನೂ ಕೇಳಿಸಿರುವುದಿಲ್ಲ. ವಾಷರ್ ಬದಲಿಸಿ, ಮತ್ತೊಮ್ಮೆ ಕಿವಿಕೊಟ್ಟು, "ಸದ್ದು ನಿಂತೋಯ್ತು, ಇನ್ನೇನೂ ಭಯ ಇಲ್ಲ" ಎಂದು ಹೊರಡುತ್ತಾನೆ. ಬೀದಿಯವರು ಹೊಗಳಿ ಹೊಗಳಿ ಅವನನ್ನು ಅಟ್ಟಕ್ಕೇರಿಸಿದ್ದಾರೆ. ಇಳಿಸುವ ಕೆಲಸ ಮಾತ್ರ ನನ್ನದು.

ಅವನಿಗೆ ಒಬ್ಬಳೇ ಮಗಳು, ಏಳು ವರ್ಷ. ಬಾಯಿ ಮುಚ್ಚಿ ಕೂತದ್ದನ್ನು ಯಾರೂ ಕಂಡಿಲ್ಲವಾದ್ದರಿಂದ ಅವಳು ಮನೆಯವರಿಗೆಲ್ಲ ರೇಡಿಯೊ. ಜೊತೆಗೆ ಆಸ್ತಮಾ. ಧೂಳು, ಹೊಗೆ, ನೆಗಡಿ, ಯಾವುದಾದರೂ ಸಾಕು, ಎದೆ ಸುಯ್ಗುಡಲು ಶುರು. ಅದಕ್ಕೆ ಬಾಯಿಂದ ಔಷಧಿ ಎಳೆದುಕೊಳ್ಳುವ ಒಂದು ಪಂಪು, ಆ ಪಂಪಿಗೆ ಸಿಕ್ಕಿಸಲು ಒಂದು ಪ್ಲಾಸ್ಟಿಕ್ ಕೊಳವೆ ಮನೆಯಲ್ಲಿದೆ. ಅವಳಮ್ಮ ಬಟ್ಟೆ ಕಾರ್ಖಾನೆಗೆ ಹೋದ ಮೇಲೆ ರೇಡಿಯೊ ನನ್ನ ಪಾಲು. ನಾನು ಮುಂದಿನ ಕೋಣೆಯಲ್ಲಿ ಬೀದಿಯವರ ಬಟ್ಟೆ ಇಸ್ತ್ರಿ ಮಾಡುತ್ತೇನೆ. ಅವಳು ಮೇಜಿನ ಕೆಳಗೆ ಕೂತು, ಬಂದ ಗಿರಾಕಿಗಳ ಕಾಲು ನೋಡಿ ಒಬ್ಬೊಬ್ಬರಿಗೂ ಒಂದೊಂದು ಅಡ್ಡಹೆಸರು ಇಡುತ್ತಾಳೆ. ಕೆಲವು ಹೆಸರು ಕೇಳಿ ನಾನೇ ನಕ್ಕು, ನಂತರ ಗದರಿದ್ದೂ ಉಂಟು.

ಆ ಮಧ್ಯಾಹ್ನ ಪಕ್ಕದ ಮನೆಯವರು ಬಣ್ಣ ಬಳಿಸುವ ಮುಂಚೆ ಗೋಡೆ ಉಜ್ಜಿಸುತ್ತಿದ್ದರು. ಮಷೀನು ಗುಂಯ್ ಎಂದಿದ್ದೇ ತಡ, ಬಿಳೀ ಧೂಳು ಹಿಟ್ಟಿನ ಗಿರಣಿಯ ಹಾಗೆ ಎದ್ದಿತು. ಮೊದಲೇ ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು! ನಾನು ಕಿಟಕಿ ಹಾಕಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕುವಷ್ಟರಲ್ಲಿ ಮೇಜಿನ ಕೆಳಗಿನಿಂದ ಕೆಮ್ಮು ಬಂತು.

ಪಂಪು ತಂದೆ. ಕೊಳವೆಗೆ ಸಿಕ್ಕಿಸಿ, ಕುಲುಕಿ, ಒತ್ತಿದೆ. ಪುಸ್ ಎಂದಿತು. ಅವಳು ಎಳೆದುಕೊಂಡಳು. ಮತ್ತೆ ಒತ್ತಿದೆ. ಯಾವತ್ತೂ ಅಷ್ಟಕ್ಕೇ ತಗ್ಗುತ್ತಿತ್ತು. ಅವತ್ತು ತಗ್ಗಲಿಲ್ಲ. ಮೊಣಕಾಲಿನ ಮೇಲೆ ಕೈಯೂರಿ ಮುಂದಕ್ಕೆ ಬಾಗಿದಳು. ಪ್ರತಿ ಉಸಿರಿಗೂ ಭುಜ ಮೇಲೇಳುತ್ತಿತ್ತು. ಕತ್ತಿನ ಬುಡದ ಗುಳಿ ಒಳಕ್ಕೆ ಹೋಗಿ ಬರುತ್ತಿತ್ತು.

"ಅತ್ತೆ... ಆಗ್ತಿ... ಲ್ಲ."

ಒಂದು ಪದ ಹೇಳಲು ಎರಡು ಉಸಿರು. ಅಷ್ಟರಲ್ಲಿ ಹೊರಗೆ ತಮ್ಮನ ಗಾಡಿ ನಿಂತ ಸದ್ದು ಕೇಳಿಸಿತು. ಊಟಕ್ಕೆ ಬಂದಿದ್ದ.

"ಆಸ್ಪತ್ರೆಗೆ ನಡಿಯೋ," ಎಂದೆ, ಅವನು ಚಪ್ಪಲಿ ಬಿಡುವ ಮುಂಚೆಯೇ.

"ಇರು ಅಕ್ಕ, ಗಾಬರಿ ಮಾಡ್ಬೇಡ. ಪಂಪು ಕೊಟ್ಯಾ?"

"ಕೊಟ್ಟೆ, ತಗ್ಗಿಲ್ಲ. ಮುಗಿದಿದ್ಯೋ ಏನೋ."

ಪಂಪನ್ನು ಕಿವಿಯ ಹತ್ತಿರ ಹಿಡಿದು ಕುಲುಕಿದ. "ಎಲ್ಲಿ ಮುಗಿದಿದೆ? ಒಳಗೆ ಚುಳುಚುಳು ಅಂತಿದೆ. ನೀನು ಸರಿಯಾಗಿ ಒತ್ತಿಲ್ಲ ಬಿಡು."

"ನಾನು ಒತ್ತೋದು ಇವತ್ತು ಮೊದಲ್ನೇ ಸಲ ಅಲ್ಲ ಕಣೋ."

"ಹೋದ ಸಲಾನೂ ಹಿಂಗೇ ಎದ್ದುಬಿದ್ದು ಓಡ್ಸಿದ್ದೆ. ಅಲ್ಲಿ ಹೋಗಿ ಮುಟ್ಟೋ ಹೊತ್ತಿಗೆ ಇವಳು ಹಾಡು ಹೇಳ್ತಿದ್ಲು. ಔಷಧಿ ಹಿಡಿಯೋಕೆ ಒಂಚೂರು ಟೈಮ್ ಕೊಡ್ಬೇಕು."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತಾನೇ ಪಂಪು ಒತ್ತಿದ. ಪುಸ್. ಮತ್ತೆ ಒತ್ತಿದ. ಬೆನ್ನು ಸವರುತ್ತಾ, ಅವಳ ಎದೆಗೆ ಕಿವಿಯಿಟ್ಟು ಕಣ್ಣು ಮುಚ್ಚಿದ. ಸುಯ್ ಸುಯ್ ಎನ್ನುವುದು ಅಷ್ಟು ದೂರದಿಂದ ನನಗೂ ಕೇಳುತ್ತಿತ್ತು. ನಾನು ಅವನ ಮುಖವನ್ನೇ ನೋಡುತ್ತಾ ನಿಂತೆ. ಪಕ್ಕದ ಮಷೀನು ನಿಲ್ಲಿಸಿದ್ದರು. ಕೋಣೆಯಲ್ಲಿ ಆ ಒಂದು ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಅದು ಸಣ್ಣಗಾಯಿತು, ಇನ್ನೂ ಸಣ್ಣಗಾಯಿತು. ಆಮೇಲೆ ಕೇಳಿಸಲೇ ಇಲ್ಲ.

ತಮ್ಮ ಕಣ್ಣು ಬಿಟ್ಟ. "ನಿಂತೋಯ್ತು! ನಾನು ಹೇಳ್ಲಿಲ್ವಾ?"

ಸುಳ್ಳೇಕೆ, ನನಗೂ ಹೋದ ಜೀವ ಬಂದಂತಾಯಿತು. ಅವನು ಮಗಳನ್ನು ಗೋಡೆಗೆ ಒರಗಿಸಿ, ತಲೆ ನೇವರಿಸಿ, "ಅಕ್ಕ, ಹೊಟ್ಟೆ ತಾಳ ಹಾಕ್ತಿದೆ, ಬಡಿಸು" ಎಂದು ಕೈ ತೊಳೆಯಲು ಒಳಗೆ ಹೋದ.

ನಾನು ಎರಡು ಹೆಜ್ಜೆ ಇಟ್ಟವಳು ತಿರುಗಿ ನೋಡಿದೆ. ಯಾಕೆ ತಿರುಗಿದೆನೋ ಗೊತ್ತಿಲ್ಲ. ಉಸಿರು ಬಿಟ್ಟುಕೊಂಡ ಮರುಕ್ಷಣ "ಅತ್ತೆ ನೀರು, ಅತ್ತೆ ಬಿಸ್ಕತ್ತು" ಎಂದು ಶುರುವಾಗುವ ಹುಡುಗಿ ಸುಮ್ಮನೆ ಕೂತಿದ್ದಳು. ಎದೆ ಒಳಕ್ಕೆ ಹೋದರೆ ಹೊಟ್ಟೆ ಹೊರಕ್ಕೆ ಬರುತ್ತಿತ್ತು. ತುಟಿಯ ಬಣ್ಣ ಸೀಸದ ಬಣ್ಣವಾಗಿತ್ತು. ಕಣ್ಣು ಅಪ್ಪ ಹೋದ ಬಾಗಿಲ ಮೇಲೇ ನೆಟ್ಟಿತ್ತು. ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿದ್ದಳು.

"ರೇಡಿಯೊ, ಮಾತಾಡೇ. ಏನಾದ್ರೂ ಹೇಳು, ಬೇಕಾದ್ರೆ ಬೈ ನನ್ನ."

ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಳು. ಅಷ್ಟೆ.

"ಬಾರೋ ಇಲ್ಲಿ!" ನಾನು ಕೂಗಿದ ಕೂಗಿಗೆ ಅವನು ಒದ್ದೆ ಕೈಯಲ್ಲೇ ಓಡಿಬಂದ. "ಸದ್ದು ನಿಂತಿಲ್ಲ ಕಣೋ, ಗಾಳಿ ನಿಂತಿದೆ! ನೋಡೋ ಅವಳ ತುಟೀನ!"

ನೋಡಿದ. ಅವಳನ್ನು ಬಾಚಿಕೊಂಡ. ಬೇರೆ ಗಾಡಿ ಹುಡುಕಲು ಪುರುಸೊತ್ತಿರಲಿಲ್ಲ. ಸಿಲಿಂಡರ್ ತುಂಬಿದ ಅದೇ ಗಾಡಿಯ ಮುಂದಿನ ಸೀಟಿನಲ್ಲಿ ನಾನು ಕೂತೆ, ಅವಳನ್ನು ನನ್ನ ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡೆ. ಮಲಗಿಸಬಾರದು ಎನ್ನುವುದೊಂದು ನನಗೆ ನೆನಪಿತ್ತು. ಹಿಂದೆ ಸಿಲಿಂಡರ್‌ಗಳು ಒಂದಕ್ಕೊಂದು ಬಡಿದುಕೊಂಡು ಕಿವಿ ಕಿತ್ತುಹೋಗುವ ಹಾಗೆ ಸದ್ದು. ಹಾರ್ನ್ ಮೇಲಿಟ್ಟ ಕೈಯನ್ನು ಅವನು ತೆಗೆಯಲೇ ಇಲ್ಲ.

"ಅಕ್ಕ, ಉಸಿರಾಡ್ತಿದಾಳಾ? ಅಕ್ಕ, ಹೇಳೇ!"

"ಆಡ್ತಿದಾಳೆ, ರೋಡ್ ನೋಡ್ಕೊಂಡು ಓಡಿಸು!" ಎಂದೆ. ಕತ್ತಿನ ಗುಳಿ ಇನ್ನೂ ಅಲುಗುತ್ತಿದೆಯೇ ಎಂದು ನೋಡುತ್ತಿದ್ದೆ, ಬೇರೇನೂ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ಅವಳ ತಲೆ ನನ್ನ ಭುಜದ ಮೇಲೆ ವಾಲತೊಡಗಿತ್ತು.

ಆಸ್ಪತ್ರೆಯ ಗೇಟಿನಲ್ಲಿ ಕಾವಲಿನವನು ಕೈ ಅಡ್ಡ ಹಿಡಿದ. "ಗ್ಯಾಸ್ ಗಾಡಿ ಒಳಗೆ ಬಿಡಲ್ಲ. ಹಿಂದಕ್ಕೆ ತಗೊಳ್ಳಿ."

ನನ್ನ ತಮ್ಮ ವಾದಕ್ಕೆ ನಿಲ್ಲಲಿಲ್ಲ. ಗಾಡಿಯನ್ನು ಅಲ್ಲೇ ದಾರಿಯ ನಡುವೆ ಬಿಟ್ಟು, ಮಗಳನ್ನು ಹೆಗಲಿಗೆ ಹಾಕಿಕೊಂಡು ಬರಿಗಾಲಲ್ಲಿ ಓಡಿದ. ಕಾವಲಿನವನು ನನ್ನನ್ನು ತಡೆಯಲು ಬಂದ. ನಾನು ನೋಡಿದ ನೋಟಕ್ಕೆ ಪಕ್ಕಕ್ಕೆ ಸರಿದ.

ತುರ್ತು ಕೋಣೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಎದೆಗೆ ಸ್ಟೆತಸ್ಕೋಪ್ ಇಟ್ಟಳು, ಬೆನ್ನಿಗಿಟ್ಟಳು, ನರ್ಸಿನ ಕಡೆ ತಿರುಗಿ ಏನೋ ಹೇಳಿದಳು. ಅಷ್ಟೇ ಸಾಕು, ನಾಲ್ಕು ಜನ ಮಂಚ ಸುತ್ತಿಕೊಂಡರು. ಮೂಗು ಬಾಯಿಗೆ ಮಾಸ್ಕು ಬಂತು, ಕೈಗೆ ಸೂಜಿ ಬಂತು. ಮಾಸ್ಕಿನೊಳಗೆ ಔಷಧಿಯ ಬಿಳೀ ಆವಿ ತುಂಬಿಕೊಂಡಿತು.

"ಎದೇಲಿ ಗಾಳಿನೇ ಆಡ್ತಿಲ್ಲ. ಇಷ್ಟೊತ್ತು ಏನ್ ಮಾಡ್ತಿದ್ರಿ?"

"ಸದ್ದು ನಿಂತಿತ್ತು, ಡಾಕ್ಟ್ರೇ," ಎಂದ ತಮ್ಮ. "ಸದ್ದು ನಿಂತ್ರೆ ವಾಸಿ ಅಲ್ವಾ?"

"ಸದ್ದು ಬರೋಕೂ ಒಂಚೂರು ಗಾಳಿ ಬೇಕಲ್ಲಪ್ಪಾ."

ಅವನು ಗೋಡೆಗೆ ಒರಗಿದ. ನಾನು ಅವನ ಅಂಗಿಯ ಜೇಬಿನಿಂದ ಪಂಪು ತೆಗೆದು ಕೊಟ್ಟೆ. ಡಾಕ್ಟರಮ್ಮ ಒಂದು ಸಲ ಗಾಳಿಗೆ ಒತ್ತಿ ನೋಡಿ ಕಸದ ಬುಟ್ಟಿಗೆ ಹಾಕಿದಳು. "ಔಷಧಿ ಮುಗಿದ್ಮೇಲೂ ಇದು ಪುಸ್ ಅನ್ನುತ್ತೆ. ಅಲ್ಲಾಡಿಸಿದ್ರೆ ಸದ್ದೂ ಬರುತ್ತೆ. ಇದನ್ನ ಕಿವಿಯಿಂದ ನೋಡೋಕಾಗಲ್ಲ. ಎಷ್ಟು ಸಲ ಒತ್ತಿದ್ವಿ ಅಂತ ಲೆಕ್ಕ ಇಡ್ಬೇಕು."

ಕಾಯುವುದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಮಾಸ್ಕಿನ ಔಷಧಿ ಮುಗಿಯಿತು, ಮತ್ತೆ ತುಂಬಿದರು. ಡಾಕ್ಟರಮ್ಮ ಎದೆಯ ಮೇಲಿನ ಕೈ ತೆಗೆಯಲಿಲ್ಲ. ಮಗಳ ಪಾದ ಹಿಡಿದುಕೊಂಡು ತಮ್ಮ ನಿಂತಿದ್ದ. ಒಮ್ಮೆಲೇ ಬೆಚ್ಚಿಬಿದ್ದ.

"ಡಾಕ್ಟ್ರೇ! ಮತ್ತೆ ಶುರುವಾಯ್ತು! ಸುಯ್ ಅಂತಿದೆ!"

"ಕೇಳಿಸ್ತಾ?" ಅವಳು ಬಾಗಿ ಸ್ಟೆತಸ್ಕೋಪ್ ಇಟ್ಟು ಆಲಿಸಿದಳು. ಬಂದಾಗಿನಿಂದ ಅವಳು ನಕ್ಕಿದ್ದು ಆಗಲೇ ಮೊದಲು. "ಬರ್ಲಿ ಬಿಡಿ. ನಾನು ಇದಕ್ಕೇ ಕಾಯ್ತಿದ್ದೆ."

ಆ ಸುಯ್ ಎನ್ನುವ ಹಾಳು ಸದ್ದಿಗೆ ನಾನು ಕೈಮುಗಿಯುವುದೊಂದು ಬಾಕಿ. ಅದು ಜೋರಾಯಿತು, ಆಮೇಲೆ ಮೆಲ್ಲಗೆ ಸಡಿಲವಾಯಿತು. ತುಟಿಗೆ ಕೆಂಪು ಬಂತು. ರೇಡಿಯೊ ಕಣ್ಣರಳಿಸಿ ನಮ್ಮನ್ನು ಗುರುತಿಸಿದಳು. ನಾನು ನಾಚಿಕೆ ಬಿಟ್ಟು ಅತ್ತುಬಿಟ್ಟೆ.

ಅವಳು ಮಾಸ್ಕನ್ನು ಒಂದಿಷ್ಟು ಸರಿಸಿ ಅಪ್ಪನನ್ನು ಹತ್ತಿರ ಕರೆದಳು.

"ಅಪ್ಪಾ, ನೀನು ಕೈ ತೊಳ್ಯೋಕೆ ಹೋದ್ಯಲ್ಲ... ಆಗ ನಾನು ಕರ್ದೆ."

"ಯಾವಾಗ ಕಂದಾ?"

"ತುಂಬಾ ಸಲ ಕರ್ದೆ. ಜೋರಾಗಿ. ಸದ್ದೇ ಬರ್ಲಿಲ್ಲ."

ನನ್ನ ತಮ್ಮ ಮಂಚದ ಸರಳು ಹಿಡಿದು ಅಲ್ಲೇ ನೆಲದ ಮೇಲೆ ಕುಕ್ಕರಿಸಿದ. ಅವನಿಗೆ ಬೈಯಲೆಂದು ದಾರಿಯುದ್ದಕ್ಕೂ ಕೂಡಿಟ್ಟುಕೊಂಡು ಬಂದಿದ್ದ ಮಾತುಗಳನ್ನೆಲ್ಲ ಅಲ್ಲೇ ಬಿಟ್ಟು ನಾನು ಅವನ ಪಕ್ಕ ಕೂತೆ.