ಸಲಾಕೆ ಮಾಮನ ಸುಣ್ಣದ ದಾರಿ

ಯುದ್ಧ ಮುಗಿದು ನಾಲ್ಕು ವರ್ಷ ಆಯಿತು ಅಂತ ಪೇಪರಿನವರು ಬರೆಯುತ್ತಿದ್ದರು. ಪೇಪರಿನವರಿಗೇನು, ಬರೆಯುತ್ತಾರೆ. ಆ ಹಳೇ ನೂಲಿನ ಗೋದಾಮಿನಲ್ಲಿ ಇದ್ದವರನ್ನು ಕೇಳಿದ್ದರೆ ಬೇರೆಯೇ ಮಾತು ಬರುತ್ತಿತ್ತು. ಮಹಡಿಯ ಮೇಲೆ ಹನ್ನೊಂದು ಜನ ಮಾಜಿ ಸೈನಿಕರು, ಕೆಳಗೆ ಯುದ್ಧದಿಂದ ದಿಕ್ಕಿಲ್ಲದವರಾದ ಇಪ್ಪತ್ತಮೂರು ಮಕ್ಕಳು. ಮೇಲಿನವರು ನಿದ್ದೆಯಲ್ಲಿ ಕಿರುಚಿದರೆ ಕೆಳಗಿನವರು ಎದ್ದು ಕೂರುತ್ತಿದ್ದರು, ಕೆಳಗಿನವರು ಕಿರುಚಿದರೆ ಮೇಲಿನವರು. ಒಟ್ಟಿನಲ್ಲಿ ಅಲ್ಲಿ ಯಾರಿಗೂ ಕಣ್ತುಂಬ ನಿದ್ದೆ ಅನ್ನೋದು ಇರಲಿಲ್ಲ.

ಇವರನ್ನೆಲ್ಲ ಒಂದೇ ಸೂರಿನ ಕೆಳಗೆ ತಂದುಹಾಕಿದವರು ಡಾಕ್ಟರಮ್ಮ. ಮನಸ್ಸಿನ ಡಾಕ್ಟರು, ಅರವತ್ತು ದಾಟಿದ ಹೆಂಗಸು, ಮಾತು ಸ್ವಲ್ಪ ಖಾರ. ಗುಣ ಮಾಡುತ್ತೇನೆ ಅಂತ ಯಾರಿಗೂ ಮಾತು ಕೊಡುತ್ತಿರಲಿಲ್ಲ. ಅವರ ಪದ್ಧತಿ ಇಷ್ಟೇ: ಒಬ್ಬ ಸೈನಿಕನಿಗೆ ಎರಡು ಮೂರು ಮಕ್ಕಳು, ತೀರಾ ಹೆದರಿದ ಮಗುವಾದರೆ ಒಂದೇ, ಎಲ್ಲರಿಗೂ ಸೇರಿ ಒಂದು ಕೆಲಸ. ಹರಿದ ಪುಸ್ತಕಕ್ಕೆ ರಟ್ಟು ಹಾಕೋದು, ಬಟಾಣಿ ಬಿಡಿಸೋದು, ಮುರಿದ ಬೆಂಚಿಗೆ ಮೊಳೆ ಹೊಡೆಯೋದು. ಯುದ್ಧದ ಮಾತು ಆಡಲೇಬೇಕು ಅಂತಿಲ್ಲ, ಆಡಬಾರದು ಅಂತಲೂ ಇಲ್ಲ. ಕಟ್ಟಳೆ ಒಂದೇ: ಮಕ್ಕಳ ಹತ್ತಿರ ಸುಳ್ಳು ಹೇಳುವ ಹಾಗಿಲ್ಲ.

ಹನ್ನೊಂದು ಜನರಲ್ಲಿ ಒಬ್ಬನ ಹೆಸರು ಸಲಾಕೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಅದನ್ನು ಅವನೇ ಮರೆತ ಹಾಗಿತ್ತು. ಹದಿನಾಲ್ಕು ವರ್ಷ ಅವನು ಮಾಡಿದ್ದು ನೆಲದಲ್ಲಿ ಹೂತ ಬಾಂಬು ಹುಡುಕಿ ತೆಗೆಯುವ ಕೆಲಸ. ಬೋರಲು ಮಲಗಿ, ಮೊಳದುದ್ದದ ಕಬ್ಬಿಣದ ಸಲಾಕೆಯನ್ನು ಓರೆಯಾಗಿ ಮಣ್ಣಿಗೆ ಚುಚ್ಚಬೇಕು, ಎರಡು ಬೆರಳು ಬಿಟ್ಟು ಮತ್ತೆ ಚುಚ್ಚಬೇಕು. ನೆಟ್ಟಗೆ ಚುಚ್ಚಿದರೆ ಮುಗೀತು, ಅವನೂ ಇಲ್ಲ ಅವನ ಸಲಾಕೆಯೂ ಇಲ್ಲ. ನೋಡಿ ಮುಗಿಸಿದ ಜಾಗದ ಎರಡೂ ಬದಿಗೆ ಸುಣ್ಣದ ಗೆರೆ ಎಳೆಯಬೇಕು. ಗೆರೆಯ ಒಳಗೆ ನಡೆಯಬಹುದು, ಗೆರೆಯ ಆಚೆ ಏನಿದೆಯೋ ಯಾರಿಗೂ ಗೊತ್ತಿಲ್ಲ.

"ಇವನಿಗೇನು ಬಂದಿದೆ ರೋಗ? ಗುಂಡುಕಲ್ಲಿನ ಹಾಗಿದ್ದಾನೆ" ಅಂತ ಡ್ರೈವರ್ ರೇಗಿಸುತ್ತಿದ್ದ. ಡ್ರೈವರ್ ಅಂದರೆ ಸೈನ್ಯದ ಲಾರಿ ಓಡಿಸುತ್ತಿದ್ದವನು, ಒಂದು ಕಾಲು ಕಳೆದುಕೊಂಡವನು. ನಿಜ, ಸಲಾಕೆಯ ಕೈಕಾಲು, ಹತ್ತೂ ಬೆರಳು ನೆಟ್ಟಗಿದ್ದವು. ಆದರೆ ಒಂದು ಸಂಜೆ, ಕತ್ತಲಾಗುತ್ತಾ ಬಂತಲ್ಲ ಅಂತ, ಹೊಲದ ಮೂಲೆಯಲ್ಲಿ ಎರಡು ಮಾರು ಜಾಗ ನೋಡದೆಯೇ "ಎಲ್ಲಾ ನೋಡಿದ್ದೀನಿ" ಅಂದುಬಿಟ್ಟಿದ್ದ. ಅವನ ಜೊತೆಗಾರ ಉಚ್ಚೆ ಹೊಯ್ಯೋಕೆ ಅಂತ ಆ ಮೂಲೆಗೇ ಹೋದ. ಅವತ್ತಿನಿಂದ ಸಲಾಕೆಗೆ ಹಾಳು ಮೌನ ಹಿಡಿದಿತ್ತು.

ಅವನ ಪಾಲಿಗೆ ಬಂದ ಮಗು ಮರಿ. ಏಳು ವರ್ಷದ ಹುಡುಗಿ. ಹೊರಗೆ ಬಂದರೆ ಯಾವಾಗಲೂ ಆಯಾಳ ಸೊಂಟದ ಮೇಲೇ ಇರುತ್ತಾಳೆ, ಬೆಕ್ಕು ಮರಿ ಹೊತ್ತ ಹಾಗೆ ಅಂತ ಆ ಹೆಸರು. ಐದು ತಿಂಗಳ ಹಿಂದೆ ಅಣ್ಣ ತಂಗಿ ಇಬ್ಬರೂ ನೀರಿಗೆ ಅಂತ ಹೊಲ ದಾಟುತ್ತಿದ್ದರು. ಅಣ್ಣ ಮುಂದೆ, ಇವಳು ಹತ್ತು ಹೆಜ್ಜೆ ಹಿಂದೆ. ಅಣ್ಣ ಹೋದ. ಇವಳು ನಿಂತಲ್ಲೇ ನಿಂತಳು, ಮಾರನೆಯ ದಿನ ಬೆಳಿಗ್ಗೆ ಯಾರೋ ಬಂದು ಎತ್ತಿಕೊಂಡು ಹೋಗುವ ತನಕ. ಆಮೇಲೆ ಸಿಮೆಂಟಿನ ಮೇಲೆ ನಡೆಯುತ್ತಾಳೆ, ಚಾಪೆಯ ಮೇಲೆ ನಡೆಯುತ್ತಾಳೆ, ಮಣ್ಣಿಗೆ ಮಾತ್ರ ಕಾಲಿಡುವುದಿಲ್ಲ. ಇಳಿಸಲು ಹೋದರೆ ಉಸಿರು ಕಟ್ಟಿ ತುಟಿ ನೀಲಿಯಾಗುತ್ತಿತ್ತು.

ಅವಳಿಗೆ ಉಳಿದಿದ್ದ ಒಂದೇ ಒಂದು ಜೀವ ಚಿಕ್ಕಮ್ಮ. ಆಕೆ ಕಾಗದ ಬರೆಸಿದ್ದಳು: "ತಿಂಗಳ ಕೊನೆ ಶನಿವಾರ ಬರ್ತೀನಿ. ಬಸ್ಸಿಳಿದು ಮೂರು ಗಂಟೆ ಗುಡ್ಡ ಹತ್ತಬೇಕು. ನನ್ನ ಕಂಕುಳಲ್ಲಿ ಕೂಸಿದೆ, ಇವಳನ್ನು ಹೊರೋಕೆ ಆಗಲ್ಲ. ನಡೆದರೆ ಕರ್ಕೊಂಡು ಹೋಗ್ತೀನಿ." ನಡೆಯದಿದ್ದರೆ? ನಡೆಯದಿದ್ದರೆ ಪಟ್ಟಣದ ದೊಡ್ಡ ಆಸ್ಪತ್ರೆಯ ಮಕ್ಕಳ ವಾರ್ಡು. ಆ ವಾರ್ಡಿಗೆ ಹೋದ ಮಕ್ಕಳು ಹಿಂದಿರುಗಿ ಬಂದದ್ದನ್ನು ಇಲ್ಲಿ ಯಾರೂ ನೋಡಿರಲಿಲ್ಲ.

ಕೊನೆಗೆ ಹದಿನಾರು ದಿನ ಉಳಿಯಿತು. ಡಾಕ್ಟರಮ್ಮ ಯಾವುದೋ ಮೀಟಿಂಗು ಅಂತ ಎರಡು ವಾರ ಪಟ್ಟಣಕ್ಕೆ ಹೋಗಿದ್ದರು. ಆವಾಗ ಸಲಾಕೆ ಒಂದು ಕೆಲಸ ಮಾಡಿದ. ಛೆ, ಯಾಕಾದರೂ ಮಾಡಿದನೋ! ಆದರೆ ಅವನಿಗೆ ಗೊತ್ತಿದ್ದ ವಿದ್ಯೆ ಅದೊಂದೇ.

ಮರಿಯನ್ನು ಜಗಲಿಯ ಅಂಚಿನಲ್ಲಿ ಕೂರಿಸಿ, ಅವಳ ಕಣ್ಣೆದುರಿಗೇ ಅಂಗಳದ ಮಣ್ಣಿನಲ್ಲಿ ಬೋರಲು ಬಿದ್ದ. ಜಗಲಿಯಿಂದ ಪಾಠದ ಕೋಣೆಗೆ ಅರವತ್ತು ಹೆಜ್ಜೆ. ಕಿಟಕಿಯ ಸರಳೊಂದನ್ನು ಮಸೆದು ತಂದಿದ್ದ. ಚುಚ್ಚಿದ, ಎರಡು ಬೆರಳು ಬಿಟ್ಟ, ಚುಚ್ಚಿದ. "ಲೋ, ಗೆಣಸು ಹುಡುಕ್ತಿದ್ದೀಯೇನೋ?" ಅಂತ ಡ್ರೈವರ್ ಮಹಡಿಯಿಂದ ಕೂಗಿದ. ಇವನು ತಲೆ ಎತ್ತಲಿಲ್ಲ. ನಾಟಕ ಆಡುತ್ತಿರಲಿಲ್ಲ ಅವನು, ನಿಜವಾಗಲೂ ಹುಡುಕುತ್ತಿದ್ದ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಅದನ್ನು ದೊಡ್ಡವರು ಗಮನಿಸಲಿಲ್ಲ, ಮರಿ ಗಮನಿಸಿದಳು.

ಮೂರು ದಿನ ಹಿಡಿಯಿತು. ಎರಡೂ ಬದಿಗೆ ಸುಣ್ಣದ ಗೆರೆ ಎಳೆದು, ಮಧ್ಯೆ ನಿಂತು, "ಇಷ್ಟು ಜಾಗ ನೋಡಿದ್ದೀನಿ. ಒಂದಂಗುಲಾನೂ ಬಿಟ್ಟಿಲ್ಲ" ಅಂದ.

ಮರಿ ಬಹಳ ಹೊತ್ತು ನೋಡಿದಳು. ಆಮೇಲೆ ಒಂದು ಕಾಲು ಇಳಿಸಿದಳು, ಇನ್ನೊಂದು ಕಾಲು ಇಳಿಸಿದಳು, ಅರವತ್ತು ಹೆಜ್ಜೆ ನಡೆದೇಬಿಟ್ಟಳು. ಆಯಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಡ್ರೈವರ್ ಊರುಗೋಲಿನಿಂದ ಕಂಬಿಗೆ ಬಡಿದು ಸದ್ದು ಮಾಡಿದ. ಸಲಾಕೆಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಎಷ್ಟೋ ವರ್ಷದ ಮೇಲೆ ಅವತ್ತು ಎರಡನೇ ಸಲ ಅನ್ನ ಹಾಕಿಸಿಕೊಂಡ.

ಅಲ್ಲಿಗೇ ನಿಲ್ಲಿಸಬಹುದಿತ್ತು. ಯಾರು ನಿಲ್ಲಿಸುತ್ತಾರೆ? ಮರಿ ನಲ್ಲಿಯ ಹತ್ತಿರ ಹೋಗಬೇಕು ಅಂದಳು, ನಲ್ಲಿಗೊಂದು ದಾರಿ ಆಯಿತು. ಜೋಕಾಲಿಗೊಂದು, ಗೇಟಿನ ಕಡೆಗೊಂದು. ಬೆಳಿಗ್ಗೆ ಬಿದ್ದರೆ ಸಂಜೆಗೆ ಏಳುತ್ತಿದ್ದ, ಮೊಣಕೈ ಕಿತ್ತು ರಕ್ತ ಬರುತ್ತಿತ್ತು. ಎರಡು ವಾರದಲ್ಲಿ ಅಂಗಳದ ತುಂಬ ಬಿಳಿ ಗೆರೆ.

ಡಾಕ್ಟರಮ್ಮ ಗುರುವಾರ ಮಧ್ಯಾಹ್ನ ಬಂದರು. ಗೇಟಿನಲ್ಲೇ ನಿಂತುಬಿಟ್ಟರು. ಅದು ಆಟದ ಹೊತ್ತು. ಇಪ್ಪತ್ತಮೂರು ಮಕ್ಕಳು ಸುಣ್ಣದ ದಾರಿಗಳ ಒಳಗೆ ಒಬ್ಬರ ಹಿಂದೆ ಒಬ್ಬರು ನಿಂತಿದ್ದರು. ಚೆಂಡು ಗೆರೆಯಾಚೆ, ಅಂಗಳದ ನಡುವೆ ಬಿದ್ದಿತ್ತು. ಅದು ಅಲ್ಲಿ ಬಿದ್ದು ಆರು ದಿನ ಆಗಿತ್ತು. ಯಾರೂ ಕೂಗಾಡುತ್ತಿರಲಿಲ್ಲ. ಎರಡು ವಾರದ ಹಿಂದೆ ಇದೇ ಮಕ್ಕಳು ಇಡೀ ಅಂಗಳ ಧೂಳೆಬ್ಬಿಸಿ ಓಡಾಡುತ್ತಿದ್ದರು.

"ಯಾರಪ್ಪ ಮಾಡಿದ್ದು ಇದನ್ನ?"

"ನಾನು ಡಾಕ್ಟರಮ್ಮ" ಅಂತ ಸಲಾಕೆ ಮುಂದೆ ಬಂದ. ಮುಖದಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು, ಪಾಪ. "ಮರಿ ನಡೀತಾಳೆ ಈಗ."

"ಅವಳೊಬ್ಬಳು ನಡೀತಾಳೆ. ಉಳಿದ ಇಪ್ಪತ್ತೆರಡು ಮಕ್ಕಳನ್ನ ನೋಡು." ಡಾಕ್ಟರಮ್ಮನ ಧ್ವನಿ ಏರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಈ ಅಂಗಳದಲ್ಲಿ ಒಂದು ಬಾಂಬೂ ಇರಲಿಲ್ಲ ಕಣಪ್ಪ. ನೀನು ಇಡೀ ಅಂಗಳದ ತುಂಬ ನೆಟ್ಟುಬಿಟ್ಟೆಯಲ್ಲ."

ಸಲಾಕೆ ಚೆಂಡನ್ನು ನೋಡಿದ, ಮಕ್ಕಳನ್ನು ನೋಡಿದ. ಇಷ್ಟು ದಿನ ಅವನು ನೆಲ ನೋಡಿದ್ದನೇ ಹೊರತು ಮಕ್ಕಳ ಮುಖ ನೋಡಿರಲಿಲ್ಲ.

"ಅಳಿಸಿದ್ರೆ ಮರಿ ನಡೆಯಲ್ಲ. ನಾಡಿದ್ದು ಚಿಕ್ಕಮ್ಮ ಬರ್ತಾಳೆ" ಅಂದ ಕೊನೆಗೆ.

"ಚಿಕ್ಕಮ್ಮನ ಊರಿಗೆ ಮೂರು ಗಂಟೆ ದಾರಿ. ಅಷ್ಟುದ್ದಕ್ಕೂ ಸುಣ್ಣ ಹಾಕ್ತೀಯಾ?"

"ಹಾಕ್ತೀನಿ" ಅಂದ ಅವನು. ತಮಾಷೆಗಲ್ಲ. ಹಾಕಲು ತಯಾರಿದ್ದ, ಹತ್ತು ವರ್ಷ ಹಿಡಿದರೂ ಸರಿ.

ಡಾಕ್ಟರಮ್ಮ ಅವನನ್ನೇ ನೋಡಿದರು. ಆಮೇಲೆ ಮೆತ್ತಗೆ, "ಗೆರೆ ಆಚೆ ಒಂದು ಹೆಜ್ಜೆ ಇಡು ನೋಡೋಣ. ನೀನು" ಅಂದರು.

ಇದೇನು ಮಹಾ ಅಂತ ಕಾಲೆತ್ತಿದ. ಎತ್ತಿದ ಕಾಲು ಕೆಳಗೆ ಬರಲಿಲ್ಲ. ಆವಾಗ ಅವನಿಗೆ ಹೊಳೆಯಿತು: ಈ ಗೋದಾಮಿಗೆ ಬಂದ ನಾಲ್ಕು ವರ್ಷದಲ್ಲಿ ಅವನು ಜಗಲಿ, ಮೆಟ್ಟಿಲು, ಗೋಡೆ ಬದಿಯ ಕಲ್ಲುಹಾಸು, ಇಷ್ಟರ ಮೇಲೇ ಓಡಾಡಿದ್ದ. ಆ ಸರಳು ಚುಚ್ಚಿ ನೋಡದ ಮಣ್ಣಿಗೆ ಒಂದು ಸಲವೂ ಕಾಲಿಟ್ಟಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಅವನಿಗೊಬ್ಬನಿಗೆ ಗೊತ್ತಿರಲಿಲ್ಲ. ಹೆದರುಪುಕ್ಕಲ ಅಂತ ತನ್ನನ್ನು ತಾನೇ ಬೈದುಕೊಂಡ. ಬೈದುಕೊಂಡರೂ ಕಾಲು ಇಳಿಯಲಿಲ್ಲ.

ಶುಕ್ರವಾರ ಪೊರಕೆ ಹಿಡಿದು ಗೆರೆ ಅಳಿಸಿದ. ಅದನ್ನೂ ದಾರಿಯೊಳಗೇ ನಿಂತು, ಹಿಂದೆ ಹಿಂದೆ ಸರಿಯುತ್ತಾ, ಜಗಲಿಗೆ ಬೆನ್ನು ತಾಗುವ ತನಕ. ಡ್ರೈವರ್ ಊರುಗೋಲು ಊರಿಕೊಂಡು ಹೋಗಿ ಚೆಂಡು ತಂದುಕೊಟ್ಟ. ಅವನು ವಾಪಸು ಬರುವ ತನಕ ಮಕ್ಕಳು ಕಿವಿ ಮುಚ್ಚಿಕೊಂಡು ನಿಂತಿದ್ದರು. ಚೆಂಡು ಬಂತು, ಒಬ್ಬರೂ ಅಂಗಳಕ್ಕೆ ಇಳಿಯಲಿಲ್ಲ. ಸಲಾಕೆ ಅವತ್ತು ಊಟ ಮುಟ್ಟಲಿಲ್ಲ.

ಶನಿವಾರ ಹತ್ತು ಗಂಟೆಗೆ ಚಿಕ್ಕಮ್ಮ ಬಂದಳು. ಸಣಕಲು ಹೆಂಗಸು, ಕಂಕುಳಲ್ಲಿ ಕೂಸು, ಕೈಯಲ್ಲಿ ಒಂದು ಚೀಲ. ಡಾಕ್ಟರಮ್ಮ ಆಕೆಯನ್ನು ಗೇಟಿನ ಹತ್ತಿರವೇ ನಿಲ್ಲಿಸಿದರು. ಜಗಲಿಯ ಮೇಲೆ ಮರಿ, ಹಿಂದೆ ಮಕ್ಕಳೆಲ್ಲ. ನಡುವೆ ಐವತ್ತು ಹೆಜ್ಜೆ ಬರೀ ಮಣ್ಣು.

"ಬಾ ಕಂದಾ, ನಾನು ಕಣೇ" ಅಂತ ಚಿಕ್ಕಮ್ಮ ಕರೆದಳು. ಮರಿ ಕಂಬ ತಬ್ಬಿಕೊಂಡಳು. ಹತ್ತು ನಿಮಿಷ ಹೋಯಿತು, ಇಪ್ಪತ್ತು ಹೋಯಿತು. ಕೂಸು ರಚ್ಚೆ ಹಿಡಿಯಿತು. "ಹನ್ನೊಂದರ ಬಸ್ಸು ತಪ್ಪಿದ್ರೆ ಕತ್ತಲಲ್ಲಿ ಗುಡ್ಡ ಹತ್ತೋಕಾಗಲ್ಲ ಡಾಕ್ಟರಮ್ಮ" ಅಂದಳು ಚಿಕ್ಕಮ್ಮ, ಅಳುವ ಧ್ವನಿಯಲ್ಲಿ. ಡಾಕ್ಟರಮ್ಮನ ಕೈಯಲ್ಲಿ ದೊಡ್ಡ ಆಸ್ಪತ್ರೆಗೆ ಬರೆದ ಚೀಟಿ ಇತ್ತು.

ಸಲಾಕೆ ಚಪ್ಪಲಿ ಬಿಚ್ಚಿ ಜಗಲಿಯಿಂದ ಇಳಿದ. ಹೇಗೆ ಇಳಿದನೋ ಅವನಿಗೇ ತಿಳಿಯದು. ಮಣ್ಣು ಬೆಚ್ಚಗಿತ್ತು. ಒಂದು ಹೆಜ್ಜೆ, ಎರಡು ಹೆಜ್ಜೆ.

ಹಿಂದಿನಿಂದ ಮರಿ ಕೇಳಿದಳು: "ಮಾಮ, ಇಲ್ಲೆಲ್ಲಾ ನೋಡಿದ್ಯಾ?"

ನೋಡಿದ್ದೀನಿ ಅಂದರೆ ಆಗಿತ್ತು. ಒಂದು ಮಾತು. ಅವಳು ಬರುತ್ತಿದ್ದಳು, ಬಸ್ಸೂ ಸಿಗುತ್ತಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು.

"ಇಲ್ಲ ಮಗಳೇ. ನೋಡಿಲ್ಲ."

ಆಯಾ ಹಣೆ ಚಚ್ಚಿಕೊಂಡಳು. ಡ್ರೈವರ್ ಹಲ್ಲು ಕಚ್ಚಿ ಏನೋ ಬೈದ.

"ಮತ್ತೆ ಹೆಂಗೆ ನಿಂತಿದ್ದೀಯ?"

"ಹೆದರ್ಕೊಂಡೇ ನಿಂತಿದ್ದೀನಿ. ಉಚ್ಚೆ ಬರೋ ಹಾಗಾಗಿದೆ."

ಯಾವುದೋ ಮಗು ಕಿಸಕ್ಕೆಂದಿತು. ಮರಿ ನಗಲಿಲ್ಲ. ಅವನ ಹೆಜ್ಜೆ ಗುರುತು ನೋಡಿದಳು, ಅವನ ಬೆನ್ನು ನೋಡಿದಳು. ಆಮೇಲೆ ಕಂಬ ಬಿಟ್ಟು ಇಳಿದು, ಅವನ ಮೊದಲ ಗುರುತಿನ ಮೇಲೆ ಪಾದ ಇಟ್ಟಳು. ತುಟಿ ಬಿಳುಚಿತ್ತು, ಆದರೆ ಉಸಿರಾಡುತ್ತಿದ್ದಳು. ಅವನು ಒಂದು ಹೆಜ್ಜೆ ಮುಂದೆ, ಇವಳು ಅದೇ ಗುರುತಿಗೆ ಹಿಂದೆ. ಹಾಗೇ ಇಪ್ಪತ್ತು, ಇಪ್ಪತ್ತೈದು.

ಅಂಗಳದ ನಟ್ಟನಡುವೆ ಅವನ ಕಾಲು ಸೋತಿತು. ಎತ್ತಲಾಗಲಿಲ್ಲ. ಪ್ಯಾಂಟು ನಿಜವಾಗಲೂ ಒದ್ದೆಯಾಯಿತು. ಮರಿ ಅವನ ಬೆನ್ನ ಹಿಂದೆಯೇ ಬಂದು ನಿಂತಳು, ಪುಟ್ಟ ಉಸಿರಿನ ಸದ್ದು ಕೇಳುತ್ತಿತ್ತು. "ಆಗ್ತಿಲ್ಲ ಮಗಳೇ" ಅಂದ, ಕಣ್ಣು ಮುಚ್ಚಿಕೊಂಡು. ಮುಗೀತು, ನಡುನೀರಿನಲ್ಲಿ ಕೈಬಿಟ್ಟೆ ಅಂದುಕೊಂಡ. ಮತ್ತೊಂದು ಜೀವ ತನ್ನ ದೆಸೆಯಿಂದ ಹಾಳಾಯಿತು ಅಂದುಕೊಂಡ.

"ನೀನು ಇಲ್ಲೇ ಇರು" ಅಂದಳು ಮರಿ. "ಈ ಸಲ ನಾನು ಮುಂದೆ."

ಅವನ ಪಕ್ಕದಿಂದ ದಾಟಿ ಹೋದಳು. ಮುಂದೆ ಯಾರ ಗುರುತೂ ಇರಲಿಲ್ಲ. ಪ್ರತಿ ಹೆಜ್ಜೆಗೂ ಭುಜ ಕಿವಿಯ ತನಕ ಏರಿಸಿ, ಸದ್ದಿಗೆ ಕಾದು, ಸದ್ದು ಬರದಿದ್ದಾಗ ಇನ್ನೊಂದು ಹೆಜ್ಜೆ ಇಡುತ್ತಿದ್ದಳು. ಚಿಕ್ಕಮ್ಮನ ಸೆರಗು ಕೈಗೆ ಸಿಕ್ಕಿದಾಗ ಗೊಳೋ ಅಂತ ಅತ್ತಳು, ಐದು ತಿಂಗಳಲ್ಲಿ ಮೊದಲ ಸಲ. ಡಾಕ್ಟರಮ್ಮ ಚೀಟಿ ಹರಿದರು. ಬಸ್ಸಿಗೆ ಹೊತ್ತಾಗಿತ್ತು. ಮರಿ ಗೇಟಿನಿಂದ ತಿರುಗಿ ಕೂಗಿದಳು: "ಮಾಮ, ನನ್ನ ಹೆಜ್ಜೆ ಮೇಲೆ ಬಾ!"

ಅವರು ಹೋದರು. ಸಲಾಕೆ ಆ ಪುಟ್ಟ ಗುರುತುಗಳನ್ನು ನೋಡುತ್ತಾ ನಿಂತ. ಎಲ್ಲಿಯ ಅವಳ ಪಾದ, ಎಲ್ಲಿಯ ಇವನದು. ಕಾಲು ಏಳಲಿಲ್ಲ. ಅಷ್ಟರಲ್ಲಿ ಜಗಲಿಯಿಂದ ಒಂದು ಮಗು ಇಳಿಯಿತು, ಇನ್ನೆರಡು ಇಳಿದವು, ಆಮೇಲೆ ಹೋ ಅಂತ ಎಲ್ಲವೂ. ಚೆಂಡು ಹಾರಿತು. ಇಪ್ಪತ್ತೆರಡು ಮಕ್ಕಳು ಅವನ ಸುತ್ತ ಓಡಿದರು. ಒಂದೊಂದು ಪಾದ ನೆಲಕ್ಕೆ ಬಡಿದಾಗಲೂ ಅವನು ಬೆಚ್ಚುತ್ತಿದ್ದ. ಮರಿಯ ಗುರುತೆಲ್ಲ ಅವರ ಕಾಲಡಿ ಅಳಿಸಿಹೋಯಿತು.

ಊಟದ ಗಂಟೆ ಹೊಡೆದು ಮಕ್ಕಳು ಒಳಗೆ ಹೋದರೂ ಅವನು ಅಲ್ಲೇ ನಿಂತಿದ್ದ. ಬಾ ಅಂತ ಯಾರೂ ಕರೆಯಲಿಲ್ಲ, ಡಾಕ್ಟರಮ್ಮ ಕರೆಯಲು ಬಿಡಲಿಲ್ಲ. ತಾವೇ ಒಂದು ಕುರ್ಚಿ ಎತ್ತಿಕೊಂಡು ಬಂದು ಅವನ ಹಿಂದೆ ಇಟ್ಟರು.

"ಕೂತ್ಕೋ. ಊಟ ಇಲ್ಲಿಗೇ ತರಿಸ್ತೀನಿ" ಅಂದರು. "ನಾಳೆ ನೋಡೋಣ."